ನಾಲಿಗೆಗೆ ತಿಳಿಯದ ಉಪ್ಪು

ಅಡುಗೆ ಅರ್ಧಕ್ಕೆ ಬಂದಾಗ ಉಪ್ಪು ಮುಗಿಯದ ಮನೆ ಯಾವುದಿದೆ, ಹೇಳಿ? ನಮ್ಮಲ್ಲೂ ಹಾಗೇ ಆಯಿತು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಡಬ್ಬಿಯನ್ನು ತಲೆಕೆಳಗೆ ಮಾಡಿ ಕೊಡವಿದರೂ ಚಿಟಿಕೆ ಉಪ್ಪು ಬೀಳಲಿಲ್ಲ. ಏಳು ತಿಂಗಳ ಬಸುರಿ ನಾದಿನಿ ಅಪ್ಪನ ಮನೆಗೆಂದು ಬಂದವಳು, ಹಸಿವು ತಡೆಯಲಾರದೆ ಅಡುಗೆಮನೆಯಲ್ಲೇ ಕೂತಿದ್ದಳು.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಸುಬು. ಮನೆಯ ಹಿಂದೆಯೇ ಶೆಡ್ಡು. ನೂಲಿಗೆ ಬಣ್ಣ ಚೆನ್ನಾಗಿ ಹತ್ತಲಿ ಅಂತ ಅಲ್ಲಿ ಅಡುಗೆ ಉಪ್ಪನ್ನೇ ಕಿಲೋಗಟ್ಟಲೆ ಸುರಿಯುತ್ತೇವೆ. ಅದರ ಪಕ್ಕದಲ್ಲೇ ವಾಷಿಂಗ್ ಸೋಡಾ, ಪಟಿಕದ ಪುಡಿ, ಇನ್ನೂ ಎರಡು ಮೂರು ಬಿಳಿ ಪುಡಿಗಳು. ಎಲ್ಲವೂ ಹಳೆಯ ಬಿಸ್ಕತ್ತು ಡಬ್ಬಗಳಲ್ಲಿ. ಒಂದರ ಮೇಲೂ ಹೆಸರಿಲ್ಲ. ಹೆಸರು ಯಾಕೆ ಬೇಕು, ನಮ್ಮ ಮಾವನ ನಾಲಿಗೆ ಇರುವಾಗ? ಬೆರಳ ತುದಿಗೆ ಪುಡಿ ಅಂಟಿಸಿಕೊಂಡು, ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, "ಇದು ಸೋಡಾ, ಇದು ಪಟಿಕ" ಅಂತ ತೀರ್ಪು ಕೊಡುವುದು ಅವರ ನಲವತ್ತು ವರ್ಷದ ಅಭ್ಯಾಸ. ಕಸುಬಿನವರೆಲ್ಲ ಅವರನ್ನು ಕರೆಯುವುದೇ ನಾಲಿಗೆ ಯಜಮಾನರು ಅಂತ. ಹಾಗೆ ಕರೆದರೆ ಮಾವ ಇಷ್ಟಗಲ ಹಿಗ್ಗುತ್ತಾರೆ.

ಮಾವನ ಮೇಲೆ ಗೂಬೆ ಕೂರಿಸುವ ಮೊದಲು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದಿನ ದಿನ ಅಂಗಡಿಯಿಂದ ಹೊಸದೊಂದು ಪುಡಿ ಬಂದಿತ್ತು, ಯಾವುದೋ ಬಣ್ಣ ಹೊಮ್ಮಿಸಲು ಬೇಕಾದದ್ದು. ಚೀಲ ಹರಿದು ಸೋರುತ್ತಿತ್ತು. ಅಚ್ಚುಕಟ್ಟು ಹೆಂಗಸು ನಾನು, ನೋಡಿ! ಪುಡಿಯನ್ನು ಖಾಲಿ ಡಬ್ಬಕ್ಕೆ ಸುರಿದು, ಹೆಸರು ಅಚ್ಚಾಗಿದ್ದ ಚೀಲವನ್ನು ಕಸಕ್ಕೆ ಹಾಕಿಬಿಟ್ಟೆ. ಆ ಡಬ್ಬ ಹೋಗಿ ಕೂತಿದ್ದು ಉಪ್ಪಿನ ಡಬ್ಬದ ಮಗ್ಗುಲಲ್ಲೇ.

"ಅಂಗಡಿಗೆ ಯಾಕೆ ಓಡ್ತೀಯ? ಶೆಡ್ಡಲ್ಲಿ ಬೇಕಾದಷ್ಟಿದೆ," ಅಂತ ಮಾವ ತಾವೇ ಹೋಗಿ ಒಂದು ಬಟ್ಟಲು ತುಂಬಿ ತಂದರು.

"ಇದು ಉಪ್ಪೇನಾ ಮಾವ?" ಅಂದೆ.

"ನಾಲಿಗೆಗೆ ಹಚ್ಚಿ ನೋಡೇ ತಂದಿದೀನಿ. ಉಪ್ಪು ಉಪ್ಪಗಿದೆ. ಇನ್ನೇನು ಬೇಕು ನಿಂಗೆ?"

ಮೂರು ಚಮಚ ಹಾಕಿದೆ, ಕಲಕಿದೆ, ನಾದಿನಿಯ ಬಟ್ಟಲಿಗೆ ಬಡಿಸಿದೆ. ಅವಳು ಚಮಚ ಎತ್ತಿದಳು. ಹಬೆಯಾಡುತ್ತಿತ್ತು, ಊದತೊಡಗಿದಳು.

ಅದೇ ಹೊತ್ತಿಗೆ ಪಕ್ಕದ ಮನೆಯ ಲ್ಯಾಬ್ ಅಕ್ಕ ಒಳಗೆ ಬಂದಳು. ಶಾಲೆಯ ಪ್ರಯೋಗಾಲಯದಲ್ಲಿ ಕೆಲಸ ಅವಳದು. ಕೊಂಡೊಯ್ದಿದ್ದ ನಮ್ಮ ಬಕೆಟ್ಟು ಕೆಳಗಿಟ್ಟವಳು ಉಪ್ಪಿನ ಬಟ್ಟಲನ್ನು ಬಗ್ಗಿ ನೋಡಿದಳು.

"ಇದೇನು, ಸ್ವಲ್ಪ ಹಳದಿ ಹೊಡೀತಿದೆ? ಎಲ್ಲಿಂದ ತಂದ್ರಿ?"

"ಶೆಡ್ಡಿಂದ."

ಅಕ್ಕ ಎರಡೇ ಹೆಜ್ಜೆಗೆ ನಾದಿನಿಯ ಕೈ ಹಿಡಿದಳು. "ಚಮಚ ಕೆಳಗಿಡು ತಂಗಿ. ಬಾಯಿಗೆ ಹೋಯ್ತಾ?"

"ಇಲ್ಲ ಅಕ್ಕ, ಸುಡ್ತಿದೆ. ಊದ್ತಾ ಇದೀನಿ."

ಮಾವನಿಗೆ ಎಲ್ಲಿಲ್ಲದ ಕೋಪ ಬಂತು. "ಊಟದ ಮುಂದಿಂದ ಬಸುರೀನ ಎಬ್ಬಿಸ್ತೀಯಲ್ಲಮ್ಮ! ನೀನು ಹುಟ್ಟೋಕೆ ಮುಂಚಿಂದ ಉಪ್ಪು ನೋಡಿದೋನು ನಾನು."

"ಬೈಯ್ರಿ ಯಜಮಾನ್ರೇ, ಆಮೇಲೆ ಎಷ್ಟು ಬೇಕಾದ್ರೂ ಬೈಯ್ರಿ. ನೀವು ನಾಲಿಗೆಗೆ ಹಚ್ಚೇ ಇರ್ತೀರಿ, ಮೊದಲು ಬಾಯಿ ಮುಕ್ಕಳಿಸಿ."

ಶಾಲೆಯ ಬಾವಿ ನೀರು ನೋಡಲೆಂದು ಅವಳ ಹೆಗಲ ಚೀಲದಲ್ಲಿ ಲಿಟ್ಮಸ್ ಕಾಗದ ಇದ್ದೇ ಇರುತ್ತದೆ. ಬಟ್ಟಲಿನ ಪುಡಿಯನ್ನು ನೀರಲ್ಲಿ ಕರಗಿಸಿ ಕೆಂಪು ಕಾಗದ ಅದ್ದಿದಳು. ಅದು ಮೆಲ್ಲಗೆ ನೀಲಿಗೆ ತಿರುಗಿತು.

"ಶುದ್ಧ ಅಡುಗೆ ಉಪ್ಪಾಗಿದ್ರೆ ಈ ಬಣ್ಣ ಬದಲಾಗ್ಬಾರ್ದು. ನಿನ್ನೆ ಮೊನ್ನೆ ಹೊಸ ಪುಡಿ ಏನಾದ್ರೂ ಬಂತಾ?"

ನಾನು ಕಸಕ್ಕೆ ಹಾಕಿದ ಚೀಲ ನೆನಪಾಯಿತು. ಕೂಡಲೇ ಅಂಗಡಿಗೆ ಫೋನು ಮಾಡಿದೆ. ಅಂಗಡಿಯವನು ಚೀಟಿ ನೋಡಿ ಹೇಳಿದ, "ಸೋಡಿಯಂ ನೈಟ್ರೈಟು. ಯಾಕಮ್ಮ?"

ಅಕ್ಕನ ಮುಖ ಬಿಳುಚಿತು. "ಅದು ನೋಡೋಕೂ ಉಪ್ಪಿನ ಹಾಗೇ, ರುಚಿನೂ ಉಪ್ಪೇ. ಹೊಟ್ಟೆಗೆ ಹೋದ್ರೆ ಮಾತ್ರ ರಕ್ತಕ್ಕೆ ಉಸಿರಿನ ಗಾಳಿ ಹೊರೋ ಶಕ್ತಿನೇ ಇಲ್ದಂಗೆ ಮಾಡುತ್ತೆ. ನಡೀರಿ ಯಜಮಾನ್ರೇ, ಆಸ್ಪತ್ರೆಗೆ."

"ಒಂದು ಚೂರು ನೆಕ್ಕಿದ್ದಕ್ಕೆ ಆಸ್ಪತ್ರೆನಾ?"

"ಅಪ್ಪಾ, ಸುಮ್ನೆ ಹೊರಡು," ಅಂತ ನಾದಿನಿ ಅಳತೊಡಗಿದಳು. ಮಾವ ಚಪ್ಪಲಿ ಮೆಟ್ಟಿದರು.

ಡಾಕ್ಟರು ಅವರ ತುಟಿ ನೋಡಿದರು, ಉಗುರು ನೋಡಿದರು, ಪುಡಿಯ ಹೆಸರು ಕೇಳಿ ಬರೆದುಕೊಂಡರು. "ಹೆಸರು ಸರಿಯಾಗಿ ತಿಳ್ಕೊಂಡು ಬಂದಿದ್ದು ಒಳ್ಳೇದಾಯ್ತು. ಗಾಬರಿ ಬೇಡ, ಸಂಜೆವರೆಗೂ ಇಲ್ಲೇ ಇರಲಿ," ಅಂದರು. ಹೀಗೆ ನಾಲಿಗೆ ಯಜಮಾನರು ಇಡೀ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ನಾಲಿಗೆ ಬಿಗಿಹಿಡಿದು ಕೂತರು. ಲ್ಯಾಬ್ ಅಕ್ಕ, ನಾದಿನಿ, ನಾನು ಪಕ್ಕದಲ್ಲೇ ಇದ್ದೆವು. ಕೊನೆಗೆ ಅವರೇ ಅಕ್ಕನ ಕಡೆ ತಿರುಗಿ ಬಾಯಿಬಿಟ್ಟರು.

"ಅಲ್ಲಮ್ಮ, ಉಪ್ಪು ಅಂದ್ರೆ ಉಪ್ಪು. ಅದರಲ್ಲಿ ಇನ್ನೆಷ್ಟು ಜಾತಿ?"

"ನೂರಾರು ಇವೆ ಯಜಮಾನ್ರೇ. ಲವಣ ಅಂತ ಓದ್ತಾರೆ ಮಕ್ಕಳು. ಆಮ್ಲ, ಪ್ರತ್ಯಾಮ್ಲ ಎರಡೂ ಬೆರೆತ್ರೆ ಒಂದರ ಜೋರು ಇನ್ನೊಂದು ಮುರಿಯುತ್ತೆ. ಉಳಿಯೋದು ಲವಣ ಮತ್ತು ನೀರು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಸರಿಸಮ ಬಿದ್ರೆ ಹುಟ್ಟೋದು ಅಡುಗೆ ಉಪ್ಪು."

"ಅಷ್ಟು ಸುಡೋ ಎರಡರಿಂದ, ನಾವು ತಿನ್ನೋ ಉಪ್ಪಾ?"

"ಹೂಂ. ಆದ್ರೆ ಮನೇಲಿ ಬೆರೆಸೋಕೆ ಹೋಗ್ಬೇಡಿ, ಚಿಮ್ಮಿ ಕಣ್ಣು ಸುಡುತ್ತೆ. ಅಡುಗೆ ಉಪ್ಪಲ್ಲಿ ಇಬ್ಬರೂ ಸಮಸಮ ಜೋರಿನವರು, ಅದಕ್ಕೇ ಅದು ತಟಸ್ಥ. ಪಟಿಕದಲ್ಲಿ ಆಮ್ಲದ ಕೈ ಮೇಲು, ನೀಲಿ ಕಾಗದ ಕೆಂಪಾಗುತ್ತೆ. ವಾಷಿಂಗ್ ಸೋಡಾದಲ್ಲಿ ಪ್ರತ್ಯಾಮ್ಲದ ಕೈ ಮೇಲು, ಕೆಂಪು ಕಾಗದ ನೀಲಿಯಾಗುತ್ತೆ."

ಮಾವ ನನ್ನ ಕಡೆ ತಿರುಗಿದರು. "ನಮ್ಮ ಮನೆ ಹಾಗೇ ಅನ್ನು. ನಿನ್ನ ಗಂಡನಿಗೆ ಅವನ ಅಮ್ಮನ ಸಿಡುಕು ಬಂದಿದೆ, ಮಗಳಿಗೆ ನನ್ನ ತಾಳ್ಮೆ."

ನಾದಿನಿ ಆ ದಿನ ಮೊದಲ ಸಲ ನಕ್ಕಳು.

ಮಾವ ಮತ್ತೆ ಅಕ್ಕನಿಗೆ ಅಂದರು, "ಹಾಗಾದ್ರೆ ನಂಗೂ ಆ ಕಾಗದ ತಂದುಕೊಡು. ಬಣ್ಣ ಬದಲಾಗದೇ ಇದ್ದದ್ದನ್ನ ತಿನ್ನಬಹುದು, ಅಷ್ಟೇ ತಾನೆ?"

"ಅಯ್ಯೋ, ಖಂಡಿತಾ ಬೇಡ! ಬಣ್ಣ ಬದಲಾಯಿಸದ ಲವಣ ಎಷ್ಟೋ ಇವೆ, ತಿನ್ನೋಕಾಗಲ್ಲ. ಕಾಗದ ಒಂದು ಸುಳಿವು ಕೊಡುತ್ತೆ, ಅಷ್ಟೇ. ನಂಬಬೇಕಾದ್ದು ಚೀಲದ ಮೇಲಿನ ಹೆಸರನ್ನ."

ಸಂಜೆ ಡಾಕ್ಟರು ಮತ್ತೊಮ್ಮೆ ನೋಡಿ, "ಏನೂ ತೊಂದರೆ ಇಲ್ಲ, ಮನೆಗೆ ಹೋಗಿ," ಅಂದಾಗ ನನಗೆ ಹೋದ ಜೀವ ಬಂದಂತಾಯಿತು. ಮನೆಗೆ ಬಂದವರು ಬೇಳೆಯ ಪಾತ್ರೆಗೆ ಮುಚ್ಚಳ ಮುಚ್ಚಿ, ಯಾರ ಬಾಯಿಗೂ ಬೀಳದ ಹಾಗೆ ಬೇರೆ ಇಟ್ಟೆವು. ಅಂಗಡಿಯಿಂದ ಪೊಟ್ಟಣದ ಉಪ್ಪು ತಂದು ಹೊಸದಾಗಿ ಅಡುಗೆ ಮಾಡಿದೆವು. ಆ ರುಚಿ ನಾನಿನ್ನೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದರೆ, ಮಾವ ಕನ್ನಡಕ ಏರಿಸಿ, ಬಣ್ಣದ ಕುಂಚ ಹಿಡಿದು ಕೂತಿದ್ದರು. ಡಬ್ಬಡಬ್ಬಕ್ಕೂ ಗುಂಡು ಅಕ್ಷರಗಳಲ್ಲಿ ಹೆಸರು. ನೈಟ್ರೈಟಿನ ಡಬ್ಬಕ್ಕೆ ಪೂರ್ತಿ ಕೆಂಪು ಬಳಿದು "ತಿನ್ನಬಾರದು" ಅಂತಲೂ ಬರೆದು, ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದರು. ನಾದಿನಿಗೆ ಹೆಣ್ಣು ಮಗುವಾಗಿ ಈಗ ಐದು ತಿಂಗಳು. ಮೊಮ್ಮಗಳನ್ನು ಎತ್ತಿಕೊಂಡಾಗಲೆಲ್ಲ ಮಾವ ಆ ಬೀಗವನ್ನು ಒಮ್ಮೆ ಎಳೆದು ನೋಡುತ್ತಾರೆ. ಅವರನ್ನು ಯಾರಾದರೂ ಹಳೆಯ ಅಡ್ಡಹೆಸರಿನಿಂದ ಕರೆದರೆ, "ಈಗ ನಾನು ಕನ್ನಡಕದ ಯಜಮಾನ ಕಣಯ್ಯ" ಅನ್ನುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಒಮ್ಮೆ ಎದ್ದು ಹೋಗಿ ನಿಮ್ಮ ಅಟ್ಟ, ಬಚ್ಚಲು, ಶೆಡ್ಡು ನೋಡಿ ಬನ್ನಿ. ಕೆಲಸದ ಪುಡಿಯನ್ನು ತಿಂಡಿಯ ಡಬ್ಬಕ್ಕೆ ಸುರಿಯಬೇಡಿ, ಅದು ಬಂದ ಚೀಲದಲ್ಲೇ ಇರಲಿ, ಹೆಸರು ಎದ್ದು ಕಾಣಲಿ. ಅಡುಗೆಯ ಉಪ್ಪು ಅಡುಗೆಮನೆಯಿಂದಲೇ ಬರಲಿ. ಗೊತ್ತಿಲ್ಲದ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಬೇಡಿ. ಅಕಸ್ಮಾತ್ ಯಾರ ಬಾಯಿಗಾದರೂ ಹೋದರೆ, ನೀವಾಗಿ ವಾಂತಿ ಮಾಡಿಸಲು ಹೋಗದೆ, ಆ ಚೀಲವನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ.

ನಮ್ಮ ಮನೆಯಲ್ಲಿ ಅವತ್ತು ಬೇಳೆ ಬಿಸಿಯಾಗಿತ್ತು, ಊದಿ ಆರಿಸುವಷ್ಟರಲ್ಲಿ ಅಕ್ಕ ಬಂದಳು. ನಿಮ್ಮ ಮನೆಯಲ್ಲಿ ಆರಿರಬಹುದು.