ತವರಿಂದ ಬಂದ ಬಾಗಿಲು

ಯುಗಾದಿ ಮುಗಿದಾಗಿನಿಂದ ಡೋಣಿ ಊರಿನ ಹನಮಂತವ್ವನ ಕೋಳಿಗಳು ಒಂದೊಂದೇ ಜುಟ್ಟು ಬಿಳುಚಿ, ರೆಕ್ಕೆ ಇಳಿಬಿಟ್ಟು ಸಾಯತೊಡಗಿದ್ದವು. ಅದೇ ಹಬ್ಬಕ್ಕೆ ಹೊಸ ಸೊಸೆ ರೋಜಾ ಕುರ್ತಕೋಟಿಯ ತವರಿಂದ ಒಂದು ಕರಿ ಕೋಳಿ ತಂದಿದ್ದಳು. ಅತ್ತೆಗೆ ಅಷ್ಟೇ ಸಾಕಾಯಿತು.

"ಕೋಳಿಗೂ ಕಾಲ್ಗುಣ ಇರ್ತೈತಿ, ತಂದಾಕಿಗೂ ಇರ್ತೈತಿ," ಎಂದು ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅಂದಳು. ಕರಿ ಕೋಳಿಯ ಕಾಲು ಕಟ್ಟಿಟ್ಟು, ಸಂಜೆಗೆ ಬಂದು ಒಯ್ಯಲು ಪಕ್ಕದ ಮನೆಯ ಬಾನುಬಿಗೆ ಹೇಳಿಯೂ ಆಯಿತು.

ರೋಜಾ ಉಣ್ಣುವುದನ್ನು ಅರ್ಧಕ್ಕೇ ಬಿಟ್ಟೆದ್ದಳು. ಕೋಳಿ ಹೋದರೆ ಅತ್ತೆಯ ಮಾತು ಖರೆಯಾಗುತ್ತದೆ. ಆಮೇಲೆ ಮನೆಯಲ್ಲಿ ಹಾಲು ಒಡೆದರೂ ತನ್ನ ಕಾಲೇ ಕಾರಣ. ಅವತ್ತೇ ದನಗಳಿಗೆ ಸೂಜಿ ಹಾಕಲು ಪಶುವೈದ್ಯೆ ವನಿತಾ ಊರಿಗೆ ಬಂದಿದ್ದರು. ಸೆರಗು ಸಿಕ್ಕಿಸಿಕೊಂಡು ಹೋಗಿ ಅವರನ್ನು ಕರೆತಂದೇಬಿಟ್ಟಳು.

ವನಿತಾ ಬಿಳುಚಿದ ಕೋಳಿಯೊಂದರ ಪುಕ್ಕ ಸರಿಸಿ ತೊಗಲ ಮೇಲಿನ ಕೆಂಪು ಚುಕ್ಕೆ ನೋಡಿದರು. "ಉಣ್ಣಿ ಕಡದಾವ್ರಿ."

"ಕುರಿ ಸಾಕಿದ ಮನಿ ಇದು. ಉಣ್ಣಿ ಗೊತ್ತಿಲ್ಲೇನು ನನಗ?" ಎಂದಳು ಹನಮಂತವ್ವ. "ಮೈಮ್ಯಾಲ ಒಂದಾರ ಹತ್ತೈತೇನು, ತೋರಸ್ರಿ."

"ಕುರಿದು ಗಟ್ಟಿ ಉಣ್ಣಿ, ಯವ್ವಾ. ಬೆನ್ನಿಗೆ ಚಿಪ್ಪಿರ್ತೈತಿ, ಕಚ್ಚಿದ್ರ ದಿನಗಟ್ಲೆ ಬಿಡಂಗಿಲ್ಲ. ಕೋಳಿದು ಬ್ಯಾರೆ ಕುಲ, ಮೆತ್ತನ ಉಣ್ಣಿ. ರಾತ್ರಿ ರಕ್ತ ಕುಡದು, ಬೆಳಗಾಗೂದ್ರಾಗ ಕಟಗಿ ಸಂದ್ಯಾಗ ಹೋಗಿ ಕುಂಡ್ರತೈತಿ."

ಗೂಡಿನ ಮೇಲೆ ಹಳೆಯ ತೇಗದ ಬಾಗಿಲೊಂದನ್ನು ಹಾಸಿದ್ದರು. ವನಿತಾ ಅದರ ಬಿರುಕಿಗೆ ಕುಡುಗೋಲಿನ ತುದಿ ತೂರಿಸಿ ಎಳೆದರೆ ಚಪ್ಪಟೆ ಹುಳುಗಳು ಪಟಪಟ ಉದುರಿದವು. ಎಂಟು ಕಾಲು, ಚಿಪ್ಪಿಲ್ಲದ ಬೆನ್ನು, ಸುಕ್ಕುಸುಕ್ಕಾದ ತೊಗಲು. ಮೇಲಿಂದ ನೋಡಿದರೆ ಬಾಯಿಯೇ ಇಲ್ಲ! ಕಡ್ಡಿಯಿಂದ ಅಂಗಾತ ಮಾಡಿದಾಗ ಅಡಿಯಲ್ಲಿ ಅಡಗಿ ಕೂತಿತ್ತು. ಕಡಿಯುವವರ ಬಾಯಿ ಎಲ್ಲರಿಗೂ ಕಾಣುತ್ತದೆಂದು ಇಷ್ಟು ದಿನ ರೋಜಾ ತಿಳಿದಿದ್ದಳು, ಅತ್ತೆಯದನ್ನು ನೋಡಿ.

"ಉಪವಾಸ ಕೆಡವಿದ್ರೂ ವರ್ಷಗಟ್ಲೆ ಬದಕ್ತಾವು. ಈ ಬಾಗಿಲದ ಕೂಡನ ಬಂದಾವು. ಇದನ್ನ ತಗದು, ಗೂಡಿಗೆ ಔಷಧ ಹೊಡೀರಿ, ಉಳದ ಕೋಳಿ ಉಳಿತಾವು. ಎಲ್ಲಿದು ಇದು?"

ಹಿರೇಹಂದಿಗೋಳದ ತವರುಮನೆ ಕೆಡವಿದಾಗ, ಅಪ್ಪನ ನೆನಪಿಗಿರಲಿ ಎಂದು ಹನಮಂತವ್ವನೇ ಅತ್ತು ಕರೆದು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದ ಬಾಗಿಲದು. ಯುಗಾದಿಯ ಮುಂಚೆ ಬಂದು, ಎಲ್ಲೂ ಹೊಂದದೆ ಕೋಳಿಗೂಡಿನ ಪಾಲಾಗಿತ್ತು. ರೋಜಾಳಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು ಬಂತು, ಹಿಂದೆಯೇ ನಗುವೂ ಬಂತು. ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸಂಜೆ ಬಾನುಬಿ ಬುಟ್ಟಿ ಹಿಡಿದು ಬಂದಾಗ ಹನಮಂತವ್ವ ಕರಿ ಕೋಳಿಯ ಕಾಲಿನ ಹಗ್ಗ ಬಿಚ್ಚುತ್ತ ಕೂತಿದ್ದಳು.

"ಇದನ್ನ ಕೊಡಂಗಿಲ್ಲವಾ. ನಮ್ಮ ಸೊಸಿ ತವರಿಂದು," ಎಂದಳು, ತಲೆ ಎತ್ತದೆ. "ಬೇಕಿದ್ರ ಆ ಬಾಗಿಲಾ ಒಯ್ದು ಒಲಿಗೆ ಹಾಕ್ಕೊ. ಅದು ನನ್ನ ತವರಿಂದು."