ಹನ್ನೊಂದು ಸಾವಿರ ಸಹಿ

"ನಿನ್ನೆಗೇ ಮುಗೀತು, ಮೇಡಂ," ಎಂದ ಸಂಸದರ ಕಚೇರಿಯ ಗುಮಾಸ್ತ. "ಶಿಕ್ಷೆ ಸಾಲದು ಅಂತ ಸರ್ಕಾರದ ದೊಡ್ಡ ವಕೀಲರಿಗೆ ಬರೆಯೋಕೆ ತೀರ್ಪಾದ ಮೇಲೆ ಇಪ್ಪತ್ತೆಂಟೇ ದಿನ. ಇವತ್ತಿಗೆ ಇಪ್ಪತ್ತೊಂಬತ್ತು."

ಗ್ಲೆನಿಸ್ ಅಪ್ಪಿ ಹಿಡಿದು ತಂದಿದ್ದ ಪೆಟ್ಟಿಗೆಯನ್ನು ಅವನ ಮುಂದೆ ಕುಕ್ಕಿದಳು. ಚಹಾ ತುಳುಕಿತು.

"ಹನ್ನೊಂದು ಸಾವಿರ ಸಹಿ ಐತೆ ಕಣಯ್ಯಾ ಇದ್ರಲ್ಲಿ! ಈ ಗ್ರಿಮ್ಸ್‌ಬಿ ಊರಲ್ಲಿ ಮೀನು ತಿನ್ನೋರೆಲ್ಲ ಅವ್ರೆ!"

"ಸಹಿ ಬೇಕೇ ಇರಲಿಲ್ಲ," ಅವನು ದನಿ ತಗ್ಗಿಸಿದ. "ಯಾರಾದ್ರೂ ಒಬ್ಬರು ಬರೆದಿದ್ರೆ ಸಾಕಿತ್ತು. ಒಂದೇ ಕಾಗದ."

ಅವಳ ಮಗ ರಸೆಲ್ ಟ್ಯಾಕ್ಸಿಗೆ ಕಾಯುತ್ತ ನಿಂತಿದ್ದ. ಕುಡಿದವನೊಬ್ಬ ಒಂದೇ ಒಂದು ಗುದ್ದು ಗುದ್ದಿದ. ತಲೆ ಕಲ್ಲಿಗೆ ಬಡಿಯಿತು. ಕೊಲ್ಲುವ ಉದ್ದೇಶವಿರಲಿಲ್ಲವೆಂದು ನ್ಯಾಯಾಧೀಶರು ನಾಲ್ಕು ವರ್ಷ ಕೊಟ್ಟರು. ಅರ್ಧ ಮುಗಿದರೆ ಬಿಡುವುದು ಅಲ್ಲಿನ ಕಾನೂನು; ಎರಡು ಕಳೆದರೆ ಅವನು ಹೊರಗೆ. ತೀರ್ಪಿನ ಮರುದಿನವೇ ಗ್ಲೆನಿಸ್ ಸಂತೆಯಲ್ಲಿ ಮೇಜು ಹಾಕಿದಳು. ಅನ್ಯಾಯ ಕಂಡರೆ ಈ ಊರಿನವರು ಕಲ್ಲೆತ್ತುವುದಿಲ್ಲ, ಸಹಿ ಕೇಳುತ್ತಾರೆ. ಮುಚ್ಚಲಿದ್ದ ಈಜುಕೊಳವನ್ನು ಕಳಕೊಂಡದ್ದೂ ಹೀಗೆ ಸಹಿ ಕೂಡಿಸುತ್ತಲೇ.

"ಯಾಕೆ ಯಾರೂ ಬಾಯಿ ಬಿಡ್ಲಿಲ್ಲ?"

"ಸತ್ತವರ ಮನೆಯವರಿಗೆ ಪೊಲೀಸರು ಒಂದು ಹಳದಿ ಪುಸ್ತಕ ಕೊಟ್ಟಿರ್ತಾರೆ, ಅದರಲ್ಲಿ ಈ ಗಡುವು..."

"ಮಗನ್ನ ಮಣ್ಣು ಮಾಡ್ದೋಳು ಪುಸ್ತಕ ಓದ್ತಾ ಕೂರ್ಬೇಕಿತ್ತಾ? ಕೊಂದೋನಿಗೆ ಎರಡು ವರ್ಷ ಮಾಫಿ. ನಂಗೆ ಒಂದು ದಿನ ಮಾಫಿ ಇಲ್ವಾ? ಹೇಳೋ!"

ಅವನು ಬಟ್ಟೆ ತಂದು ಚಹಾ ಒರೆಸಿದ. ಅವಳು ಪೆಟ್ಟಿಗೆ ಎತ್ತಿಕೊಂಡು ಹೊರಬಿದ್ದಳು.

ಸಂತೆಯ ಮೀನಂಗಡಿಯ ಮುಂದೆ, ನಾಲ್ಕು ವಾರದಿಂದ ಕದಲದ ಆ ಮೇಜಿನ ಹಿಂದೆ, ನಾದಿನಿ ಎಡ್ನಾ ಇನ್ನೂ ಕೂಗುತ್ತಿದ್ದಳು. ಮುದುಕನೊಬ್ಬ ಕನ್ನಡಕ ತಂದಿಲ್ಲವೆಂದು ಜಾರಿಕೊಳ್ಳುತ್ತಿದ್ದ.

"ಮದುವೇಲಿ ಸಹಿ ಹಾಕ್ವಾಗ ಕನ್ನಡಕ ಕೇಳಿದ್ಯೇನಯ್ಯಾ? ಹಾಕು ಸುಮ್ನೆ!" ಎಂದವಳು ತಿರುಗಿ, "ಏನಂದ್ರು ಅತ್ತಿಗೆ?" ಎಂದಳು.

ಗ್ಲೆನಿಸ್ ಪೆಟ್ಟಿಗೆ ಕೆಳಗಿಟ್ಟಳು. ಒದ್ದೆ ಕಲ್ಲುಹಾಸಿನ ಮೇಲೆ ಮಂಡಿಯೂರಿದಳು. ಮೊದಲ ದಿನ ಮೇಜು ಅಲುಗಾಡುತ್ತಿತ್ತು. ಚೀಲದಲ್ಲಿ ಕೈಗೆ ಸಿಕ್ಕಿದ್ದನ್ನು ಮಡಚಿ ಅವಳೇ ಅದರ ಕಾಲಿನಡಿ ತುರುಕಿದ್ದಳು. ಕೆಸರಿನ ನಡುವೆ ಅಂಚೊಂದು ಹಳದಿಯಾಗಿ ಕಂಡಿತು. ಹಿಡಿದೆಳೆದಳು. ಮಳೆ, ಮೀನಿನ ನೀರು ಕುಡಿದು ಪುಟಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಮೇಜು ವಾಲಿತು. ಪೆನ್ನು ಉರುಳಿತು.

ಮುದುಕ ಅದನ್ನು ಹೆಕ್ಕಿಕೊಂಡ. "ಎಲ್ಲಿ ಬರೀಬೇಕಮ್ಮಾ?"

ಎಡ್ನಾ ತನ್ನ ಮೊಣಕಾಲನ್ನು ಮೇಜಿನಡಿ ಕೊಟ್ಟು ಎತ್ತಿಹಿಡಿದಳು. ಅವನು ಬಾಗಿ, ನಿಧಾನವಾಗಿ, ತನ್ನ ಪೂರ್ತಿ ಹೆಸರು ಬರೆಯತೊಡಗಿದ.