ಲುವೀನಿಯಾಕ್ಕನ ಪಾರ್ಲರಿನಲ್ಲಿ ಅಧ್ಯಕ್ಷಗಿರಿ

ಅಲಬಾಮಾದ ನಮ್ಮೂರಿನಲ್ಲಿ ಕಪ್ಪು ಜನರ ಸಂಘ ಹುಟ್ಟಿದ್ದು ಲುವೀನಿಯಾಕ್ಕನ ಬ್ಯೂಟಿ ಪಾರ್ಲರಿನಲ್ಲಿ. ಬಿಳಿಯರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ನಮಗೂ ವೋಟು ಬೇಕೆಂದು ಕೇಳುವ ಸಂಘ. ಸುದ್ದಿ ಹೊರಬಿದ್ದರೆ ಬಿಳಿಯರ ಕೈಕೆಳಗೆ ದುಡಿಯುವವರ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ನಾನು ಶಾಲೆಯ ಟೀಚರು, ಶಾಲೆಯ ಬೋರ್ಡು ಪೂರ್ತಿ ಬಿಳಿಯರದು. ಆದರೆ ನನಗೊಂದು ನೆಪವಿತ್ತು, ಕಾದ ಕಬ್ಬಿಣದ ಬಾಚಣಿಗೆಯಿಂದ ಗುಂಗುರು ಕೂದಲು ನೇರ ಮಾಡಿಸಿಕೊಳ್ಳಲು ಕೂತಿದ್ದೆ.

ನಮ್ಮ ಹೆಡ್ಮಾಸ್ತರು ಪೆಟ್‌ವೇ ಅವರಿಗೂ, ಬ್ಯಾಂಕಿನ ಧಣಿಯ ಕಾರು ಓಡಿಸುವ ಆಂಬ್ರೋಸಣ್ಣನಿಗೂ ಆ ನೆಪವಿರಲಿಲ್ಲ.

"ಅಧ್ಯಕ್ಷ ಅಂದ್ರೆ ಓದಿರೋನೇ ಆಗ್ಬೇಕು," ಅಂದರು ಹೆಡ್ಮಾಸ್ತರು.

"ಓದಿ ಏನ್ ಕಡಿದು ಕಟ್ಟೆ ಹಾಕಿದ್ರಿ ಮೇಷ್ಟ್ರೇ? ಚರ್ಚಲ್ಲಿ ನನ್ ಪ್ರಾರ್ಥನೆ ಕೇಳಿ ಜನ ಮೂರ್ಛೆ ಹೋಗ್ತಾರೆ," ಅಂದ ಆಂಬ್ರೋಸಣ್ಣ.

"ಮೂರ್ಛೆ ಅಲ್ಲಪ್ಪ, ಅದು ನಿದ್ದೆ," ಅಂದಳು ಅಕ್ಕ.

ಅಷ್ಟರಲ್ಲಿ ಹೊರಗೆ ಪೊಲೀಸ್ ಕಾರು ನಿಂತಿತು. ಅಕ್ಕ ಇಬ್ಬರನ್ನೂ ಕೂದಲು ಒಣಗಿಸುವ, ಬುಟ್ಟಿಯಂತೆ ತಲೆ ಮುಚ್ಚುವ ಯಂತ್ರಗಳ ಕೆಳಗೆ ದಬ್ಬಿ, ಕುತ್ತಿಗೆಗೆ ಹೂವಿನ ಶಾಲು ಸುತ್ತಿದಳು.

ಒಳಬಂದ ಪೊಲೀಸಿನವನು ಆಂಬ್ರೋಸಣ್ಣನನ್ನೇ ದಿಟ್ಟಿಸಿದ. "ಈ ಯಮ್ಮನಿಗೆ ಮೀಸೆ ಇದೆಯಲ್ಲ?"

"ಅದನ್ನ ತೆಗೆಸ್ಕೊಳ್ಳೋಕೇ ಬಂದಿದಾರೆ, ಪಾಪ," ಅಂದಳು ಅಕ್ಕ.

"ಅದಿರ್ಲಿ. ಇಲ್ಲೇನೋ ಸಂಘ ಕಟ್ತಿದೀರಂತೆ. ಯಾರು ಅಧ್ಯಕ್ಷ?"

ಅಷ್ಟು ಹೊತ್ತು ಆ ಪದವಿಗೆ ಕಚ್ಚಾಡಿದವರಿಬ್ಬರೂ ಯಂತ್ರಗಳೊಳಕ್ಕೆ ಇನ್ನಷ್ಟು ತೂರಿಕೊಂಡರು.

"ನಾನೇ," ಅಂದಳು ಅಕ್ಕ. "ವೋಟು ಕೇಳೋ ಸಂಘ. ಬರ್ಕೊಳ್ಳಿ. ನನ್ ಕೆಲಸ ಕಿತ್ಕೋಬೇಕಾದ್ರೆ ಈ ಊರಿನ ಕಪ್ಪು ಹೆಂಗಸ್ರೆಲ್ಲ ತಲೆ ಬಾಚೋದು ಬಿಡ್ಬೇಕು."

ಅವನು ನನ್ನ ಕಡೆ ತಿರುಗಿದ. "ಏಯ್, ನೀನು ಸ್ಕೂಲಿನವಳಲ್ವಾ? ನೀನೂ ಇದರಲ್ಲಿದೀಯಾ?"

"ಅವಳು ಬರೀ ಕೂದಲಿಗೆ ಬಂದೋಳು," ಅಂದಳು ಅಕ್ಕ ಥಟ್ಟನೆ.

ನನ್ನ ಅರ್ಧ ಕೂದಲು ನೀಟಾಗಿ ಮಲಗಿತ್ತು, ಇನ್ನರ್ಧ ಪೊದೆಯಂತೆ ಎದ್ದು ನಿಂತಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಅಕ್ಕ ಒಬ್ಬಳೇ ನಿಂತಿದ್ದನ್ನು ನೋಡಿ ತಡೆಯಲಾಗಲಿಲ್ಲ.

"ನಾನು ಕಾರ್ಯದರ್ಶಿ," ಅಂದುಬಿಟ್ಟೆ.

ಸೋಮವಾರ ಕೆಲಸ ಹೋಯಿತು. ಬಿಕ್ಕಿ ಬಿಕ್ಕಿ ಅತ್ತೆ. ಮಂಗಳವಾರ ಅಕ್ಕ ತನ್ನ ಪಾರ್ಲರಿನಲ್ಲೇ ಕೆಲಸ ಕೊಟ್ಟಳು. ನನಗೆ ಆ ಕೆಲಸದ ಗಂಧಗಾಳಿಯೂ ಇಲ್ಲ, ಅದು ಗಿರಾಕಿಗಳಿಗೂ ಗೊತ್ತು. ಕಾದ ಬಾಚಣಿಗೆಯನ್ನು ಗಿರಾಕಿಗಳ ಕಿವಿಯ ಪಕ್ಕ ಹಿಡಿದು, "ಸಂಘಕ್ಕೆ ಸೇರ್ತೀರಾ?" ಎಂದು ಕೇಳುತ್ತಿದ್ದೆ. ಒಲ್ಲೆ ಅಂದವರು ಒಬ್ಬರೂ ಇಲ್ಲ.